ದಡದಲ್ಲಿ ನಿಂತ ಹಾರೆ

ನಾನು ಒಂದು ಹಾರೆ. ಕೆಲವರು ಗಡಾರಿ ಅಂತಾರೆ, ಹೇಗೆ ಕರೆದರೂ ನನಗೆ ಬೇಜಾರಿಲ್ಲ. ಹುಟ್ಟಿದ್ದು ಹೊಸದುರ್ಗದ ಒಂದು ಕುಲುಮೆಯಲ್ಲಿ. ಅದಕ್ಕೆ ಮುಂಚೆ ಯಾವುದೋ ಲಾರಿಯ ಆಕ್ಸೆಲ್ ಆಗಿದ್ದೆನಂತೆ. ಆ ಜನ್ಮದ್ದು ನನಗೊಂದೂ ನೆನಪಿಲ್ಲ. ನೆನಪಿರುವುದು ಬೆಂಕಿ. ಕೆಂಪಗೆ ಕಾಯಿಸಿ, ಅಡಿಗಲ್ಲಿನ ಮೇಲೆ ಮಲಗಿಸಿ, ಇಬ್ಬರು ಸರದಿಯ ಮೇಲೆ ಬಡಿದರು ನೋಡಿ, ಈ ಹುಟ್ಟೇ ಬೇಡವಾಗಿತ್ತು ಅನ್ನಿಸಿಬಿಟ್ಟಿತು. ಕೊನೆಗೆ ನೀರಿಗೆ ಅದ್ದಿದರು. ಚುಂಯ್ ಅಂದೆ. ನೀರು ಅಂದರೆ ಅವತ್ತಿನಿಂದಲೇ ನನಗೆ ಅಷ್ಟಕ್ಕಷ್ಟೆ.

ನನ್ನನ್ನು ಕೊಂಡವನು ಓಬಳಪ್ಪ, ಬಾವಿ ತೋಡುವ ಮೇಸ್ತ್ರಿ. ಮಾತು ಕಮ್ಮಿ, ಕೋಪ ಜಾಸ್ತಿ, ಆದರೆ ತನ್ನ ಆಳುಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದ. ಬಾವಿಯಲ್ಲಿ ಬಂಡೆಗೆ ಸಿಡಿಮದ್ದು ಇಟ್ಟು ಹಾರಿಸಿದ ಮೇಲೆ ಸುತ್ತಲಿನ ಗೋಡೆ ಸಡಿಲವಾಗಿರುತ್ತದೆ. ಯಾವ ಕಲ್ಲು ಯಾವಾಗ ತಲೆ ಮೇಲೆ ಬೀಳುತ್ತೋ ಹೇಳೋಕಾಗಲ್ಲ. ಅದಕ್ಕೇ ಓಬಳಪ್ಪ ಮೊದಲು ತಾನೊಬ್ಬನೇ ನನ್ನನ್ನು ಹಿಡಿದು ಇಳಿಯುತ್ತಿದ್ದ. ಒಂದೊಂದೇ ಕಲ್ಲನ್ನು ನನ್ನಿಂದ ತಟ್ಟುವುದು, ಕಿವಿಗೊಡುವುದು, ಟೊಳ್ಳು ಸದ್ದು ಬಂದರೆ ಮೀಟಿ ಕೆಡವುವುದು. ಎಲ್ಲ ಸರಿಯಿದೆ ಅನ್ನಿಸಿದ ಮೇಲೆ ಹತ್ತಿ ಬಂದು ಬಾವಿಯ ಬಾಯಿಯಲ್ಲಿ ನನ್ನನ್ನು ನೆಟ್ಟಗೆ ನೆಟ್ಟುಬಿಡುತ್ತಿದ್ದ. ಹಾರೆ ನಿಂತಿದೆ ಅಂದರೆ ಇಳೀಬಹುದು ಅಂತ ಅರ್ಥ. ಯಾರೂ ಏನೂ ಕೇಳುತ್ತಿರಲಿಲ್ಲ, ನನ್ನ ಮುಖ ನೋಡಿಯೇ ಇಳಿಯುತ್ತಿದ್ದರು. ನನಗೂ ಆಗ ಸ್ವಲ್ಪ ಕೊಬ್ಬಿತ್ತು ಅನ್ನಿ. ಅಷ್ಟು ಜನರ ಜೀವ ನನ್ನ ನಿಲುವಿನ ಮೇಲೆ ಅಂದರೆ ಸುಮ್ಮನೆಯೇ?

ಓಬಳಪ್ಪನ ಮಗ ತಿಪ್ಪೇಶ. ಅಪ್ಪನಿಗೆ ಪೂರಾ ಉಲ್ಟಾ. ಬಾಯಿ ತುಂಬ ಮಾತು, ಮುಖ ತುಂಬ ನಗು, ಯಾರು ಏನು ಕೇಳಿದರೂ ಇಲ್ಲ ಅನ್ನದವನು. ಅವನಿಗೆ ಲಡಾಖಿನಲ್ಲಿ ರಸ್ತೆ ಕೆಲಸ ಸಿಕ್ಕಿತು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಹೆಂಡತಿ ಕೆಂಚಮ್ಮ ಒಲೆ ಮುಂದೆ ಕೂತು ಮೂಗು ಒರೆಸಿಕೊಂಡಳು. ಹೊರಡುವ ದಿನ ಓಬಳಪ್ಪ ನನ್ನನ್ನು ಗೋಣಿಚೀಲದಲ್ಲಿ ಸುತ್ತಿ ಮಗನ ಕೈಗೆ ಕೊಟ್ಟ. ಅಲ್ಲಿ ಸರ್ಕಾರದವರೇ ಹಾರೆ ಕೊಡ್ತಾರೆ ಅಂತ ತಿಪ್ಪೇಶ ಗೊಣಗಿದ. ಕೊಡಲಿ, ಇದು ಕೈಗೆ ಪಳಗಿದ್ದು ಅಂದ ಓಬಳಪ್ಪ. ರೈಲಿನಲ್ಲಿ ಸೀಟಿನ ಕೆಳಗೆ ಮಲಗಿದ ನನಗೆ ಎಡವದವರಿಲ್ಲ, ಬೈಯದವರಿಲ್ಲ.

ಲಡಾಖಿನ ಆ ಜಾಗ ಹೇಗಿತ್ತು ಅಂತ ಹೇಳಲಿ? ಮರ ಇಲ್ಲ, ಗಿಡ ಇಲ್ಲ, ಬರೀ ಬೋಳು ಬೆಟ್ಟ. ನಡುವೆ ಒಂದು ದೊಡ್ಡ ಸರೋವರ. ತಿಪ್ಪೇಶ ಅದನ್ನು ಕೆರೆ ಅಂತಲೇ ಕರೆಯುತ್ತಿದ್ದ. ಈಚೆ ದಡದಲ್ಲಿ ರಸ್ತೆ ಕೆಲಸದವರ ಗುಡಾರಗಳು, ಆಚೆ ದಡದಲ್ಲಿ ಒಂದು ಪುಟ್ಟ ಹಳ್ಳಿ. ಚಳಿಗಾಲದಲ್ಲಿ ಇಡೀ ಕೆರೆ ಹೆಪ್ಪುಗಟ್ಟಿ ಕಲ್ಲಾಗಿಬಿಡುತ್ತಿತ್ತು. ಸುತ್ತಿ ಹೋದರೆ ಒಂದು ಹಗಲು ಬೇಕಾದ ದಾರಿಯನ್ನು ಜನ ಮಂಜುಗಡ್ಡೆಯ ಮೇಲೆ ನಡೆದು ಬೇಗ ಮುಗಿಸುತ್ತಿದ್ದರು. ಹಾಲು, ಬೆಣ್ಣೆ, ಒಲೆಗೆ ಒಣಗಿದ ಸಗಣಿ, ಎಲ್ಲವೂ ಆ ದಾರಿಯಲ್ಲೇ ಬರಬೇಕು.

ಅದನ್ನು ತರುತ್ತಿದ್ದವಳು ಯಾಂಗ್‌ಡೋಲ್. ನಡುವಯಸ್ಸಿನ ಹೆಂಗಸು, ಬಿಸಿಲಿಗೆ ಸುಟ್ಟ ಕೆನ್ನೆ, ಬೆನ್ನ ಮೇಲೆ ಬುಟ್ಟಿ, ಕೈಯಲ್ಲಿ ತುದಿಗೆ ಕಬ್ಬಿಣ ಹೊಡೆದ ಒಂದು ಕೋಲು. ಅವಳು ಆ ಕೋಲಿನಿಂದ ಮಂಜನ್ನು ಕುಟ್ಟದೆ ಒಂದು ಹೆಜ್ಜೆ ಮುಂದಿಡುತ್ತಿರಲಿಲ್ಲ. ಮೊದಲ ದಿನ ತಿಪ್ಪೇಶ ದಡದಲ್ಲಿ ನಿಂತು, ಈ ಕಡೆ ಗಟ್ಟಿ ಇದೆಯಾ ಅಂತ ಕೇಳಿದ. ಅವಳು ಉತ್ತರವನ್ನೇ ಕೊಡಲಿಲ್ಲ. ಕುಟ್ಟಿ ನೋಡು ಅಂತ ಕೈಸನ್ನೆ ಮಾಡಿ ಹೊರಟುಹೋದಳು. ಇವನಿಗೆ ಮುಖಕ್ಕೆ ಹೊಡೆದ ಹಾಗಾಯ್ತು. ನಮ್ಮೂರಲ್ಲಿ ಶತ್ರು ದಾರಿ ಕೇಳಿದರೂ ಹೇಳ್ತಾರಪ್ಪ, ಇವರೆಂಥ ಜನ ಅಂತ ಸಂಜೆಯವರೆಗೂ ಬೈದುಕೊಂಡ.

ಆಮೇಲೆ ತಿಳಿಯಿತು, ಅದು ಆ ಹಳ್ಳಿಯ ಕಟ್ಟಳೆ. ಮಂಜು ಹೇಗಿದೆ ಅಂತ ಅಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ, ಕೇಳಿದರೂ ಯಾರೂ ಹೇಳುವುದಿಲ್ಲ. ಗಂಡ ಹೆಂಡತಿಗೆ ಹೇಳಲ್ಲ, ತಾಯಿ ದೊಡ್ಡ ಮಗನಿಗೆ ಹೇಳಲ್ಲ. ಕಾಲಿಡುವವರೇ ಕುಟ್ಟಿ ನೋಡಬೇಕು. ಬೇರೆಯವರ ಹೆಜ್ಜೆ ಗುರುತು ಇದ್ದರೂ ಕುಟ್ಟಬೇಕು, ತಾನೇ ಬೆಳಿಗ್ಗೆ ದಾಟಿದ ಜಾಗವಾದರೂ ವಾಪಸ್ ಬರುವಾಗ ಕುಟ್ಟಬೇಕು.

ತಿಪ್ಪೇಶ ಮುನಿಸು ಬಿಟ್ಟ ಮೇಲೆ ಅವಳೇ ಅವನಿಗೆ ಮಂಜನ್ನು ಕಲಿಸಿದಳು. ಕಪ್ಪಗೆ, ಗಾಜಿನ ಹಾಗೆ ಕಾಣುವುದು ಗಟ್ಟಿ. ಬೆಳ್ಳಗೆ ಹಿಟ್ಟಿನ ಹಾಗಿದ್ದರೆ ಅನುಮಾನ. ಹಳ್ಳ ಬಂದು ಸೇರುವ ಕಡೆ ಯಾವತ್ತೂ ನಂಬಬೇಡ. ಚಳಿಗಾಲ ಮುಗಿಯುವ ಹೊತ್ತಿಗೆ ಮಂಜು ದಪ್ಪವೇ ಇರುತ್ತದೆ, ಆದರೆ ಬಿಸಿಲು ಏರಿದ ಮೇಲೆ ಒಳಗೊಳಗೇ ಕಡ್ಡಿ ಕಡ್ಡಿಯಾಗಿ ಬಿಟ್ಟುಕೊಂಡಿರುತ್ತದೆ. ತಿಪ್ಪೇಶ ನನ್ನನ್ನು ಎತ್ತಿ ಕುಟ್ಟುತ್ತಿದ್ದ. ಠಣ್ ಅಂದರೆ ನಡೆ, ಡಬ್ ಅಂದರೆ ಹಿಂದಕ್ಕೆ ಬಾ. ಬಾವಿಯ ಗೋಡೆ ತಟ್ಟಿ ಬೆಳೆದವನ ಕಿವಿ, ಬೇಗ ಹಿಡಿದುಕೊಂಡ. ಅವನು ಅವಳನ್ನು ಅಕ್ಕ ಅನ್ನುತ್ತಿದ್ದ. ಅದರರ್ಥ ಕೇಳಿ ತಿಳಿದುಕೊಂಡು ಅವಳೂ ಅವನನ್ನು ತಮ್ಮ ಅನ್ನೋಕೆ ಕಲಿತಳು. ಮಿಕ್ಕ ಮಾತೆಲ್ಲ ಇಬ್ಬರದೂ ಹರುಕು ಮುರುಕು ಹಿಂದಿ.

ಆದರೆ ಯಾರು ಏನು ಕೇಳಿದರೂ ಇಲ್ಲ ಅನ್ನದವನು ಅಂತ ಹೇಳಿದೆನಲ್ಲ, ಅಲ್ಲೇ ಎಡವಟ್ಟಾಗಿದ್ದು. ಗುಡಾರದ ಗಂಡಸರು ಸೋಮಾರಿಗಳು. ನೀನೇ ನೋಡಿ ಹೇಳಿಬಿಡು ಮಾರಾಯ ಅಂದರು. ಇವನು ಹೂಂ ಅಂದ. ದಿನಾ ಬೆಳಿಗ್ಗೆ ಎದ್ದು ಆಚೆ ದಡದವರೆಗೂ ಕುಟ್ಟಿಕೊಂಡು ಹೋಗಿ ಬಂದು, ಅಪ್ಪ ಬಾವಿಯ ಬಾಯಿಯಲ್ಲಿ ಮಾಡುತ್ತಿದ್ದ ಹಾಗೇ ನನ್ನನ್ನು ದಡದಲ್ಲಿ ನೆಡತೊಡಗಿದ. ಹಾರೆ ನಿಂತಿದ್ದರೆ ಹೋಗಬಹುದು, ಇಲ್ಲದಿದ್ದರೆ ಇಲ್ಲ ಅಂತ ಎಲ್ಲರಿಗೂ ಹೇಳಿದ. ಬಿಸಿಲು ನೆತ್ತಿಗೆ ಬರುವ ಮೊದಲೇ ತಪ್ಪದೆ ಬಂದು ಕಿತ್ತುಕೊಂಡು ಹೋಗುತ್ತಿದ್ದ. ಚಳಿಗಾಲವೆಲ್ಲ ಒಂದು ದಿನವೂ ಮರೆಯಲಿಲ್ಲ. ಆದರೆ ನೋಡಿ, ಬಂಡೆ ಬೆಳಿಗ್ಗೆ ಹೇಗಿತ್ತೋ ಸಂಜೆಗೂ ಹಾಗೇ ಇರುತ್ತದೆ. ಮಂಜಿಗೆ ಆ ನಿಯತ್ತಿಲ್ಲ.

ಮೊದಮೊದಲು ಯಾಂಗ್‌ಡೋಲ್ ನನ್ನನ್ನು ನೋಡಿ ನಗುತ್ತಿದ್ದಳು. ನನ್ನ ಪಕ್ಕದಲ್ಲೇ ನಿಂತು, ಬೇಕೂ ಅಂತಲೇ, ಜೋರಾಗಿ ಕೋಲು ಕುಟ್ಟಿ ಹೋಗುತ್ತಿದ್ದಳು. ಅಕ್ಕನಿಗೆ ಈ ತಮ್ಮನ ಮೇಲೆ ನಂಬಿಕೆ ಇಲ್ಲ ಅಂತ ತಿಪ್ಪೇಶ ಕೀಟಲೆ ಮಾಡುತ್ತಿದ್ದ. ದಿನಾ ಅದೇ ಮಾತು. ಬರಬರುತ್ತಾ ಅವಳು ಎರಡೇ ಸಲ ಕುಟ್ಟತೊಡಗಿದಳು. ಆಮೇಲೆ ಒಂದೇ ಸಲ, ಶಾಸ್ತ್ರಕ್ಕೆ. ಅದು ಸೋಮಾರಿತನ ಅಲ್ಲ, ಪ್ರೀತಿ. ತಮ್ಮನ ಹಾರೆ ಎದುರಿಗೆ ನಿಂತಿರುವಾಗ ಮತ್ತೆ ಕುಟ್ಟಿದರೆ ಅವನನ್ನು ಅನುಮಾನಿಸಿದ ಹಾಗೆ ಅಂತ ಅವಳಿಗೆ ಅನ್ನಿಸಿರಬೇಕು.

ಚಳಿಗಾಲ ಮುಗಿಯುತ್ತಾ ಬಂದಿತ್ತು. ಅವತ್ತು ಬೆಳಿಗ್ಗೆ ತಿಪ್ಪೇಶ ಎಂದಿನಂತೆ ಕುಟ್ಟಿ ನೋಡಿ ನನ್ನನ್ನು ನೆಟ್ಟ. ಕೆಂಚಮ್ಮನಿಗೆ ದಿನ ತುಂಬಿತ್ತು. ಫೋನು ಸಿಗುವುದು ಗುಡ್ಡದ ನೆತ್ತಿಯ ಮೇಲೆ ಮಾತ್ರ, ಅಲ್ಲಿಗೆ ಹತ್ತಿ ಹೋದ. ಇಳಿದು ಬಂದಾಗ ಬಿಸಿಲು ಚೆನ್ನಾಗಿ ಏರಿತ್ತು. ಓಡೋಡಿ ಬಂದ. ಹೆಣ್ಣು ಮಗು, ತಾಯಿ ಮಗು ಇಬ್ಬರೂ ಕ್ಷೇಮ. ಕಂಡವರನ್ನೆಲ್ಲ ತಬ್ಬಿಕೊಂಡ, ಊರಿಂದ ತಂದಿಟ್ಟುಕೊಂಡಿದ್ದ ಬೆಲ್ಲ ಒಡೆದು ಹಂಚಿದ. ಹಾಲು ಕೊಡಲು ಬಂದಿದ್ದ ಯಾಂಗ್‌ಡೋಲ್ ಅಲ್ಲೇ ಇದ್ದಳು. ಬೆಲ್ಲ ಬಾಯಿಗೆ ಹಾಕಿಕೊಂಡು ಅವನ ಕೆನ್ನೆ ಹಿಂಡಿದಳು. ಮಗುವಿಗೆ ಅಂತ ನನ್ನ ಕುರಿಯ ಉಣ್ಣೆಯಲ್ಲೇ ಏನೋ ಒಂದು ಹೆಣೆದಿಟ್ಟಿದ್ದೀನಿ, ಈಗಲೇ ತರ್ತೀನಿ ಅಂದಳಂತೆ. ತಾ ಅಕ್ಕ, ತಾ ಅಂದನಂತೆ ಇವನು. ಆ ಖುಷಿಯಲ್ಲಿ ನನ್ನನ್ನು ಕಿತ್ತುಕೊಂಡು ಬರಬೇಕು ಅನ್ನೋದು ಅವನ ತಲೆಯಿಂದಲೇ ಹಾರಿಹೋಗಿತ್ತು.

ನಾನು ದಡದಲ್ಲಿ ನಿಂತಿದ್ದೆ. ನೆಟ್ಟರೆ ನಿಲ್ಲುವುದು ಬಿಟ್ಟು ಕಬ್ಬಿಣಕ್ಕೆ ಬೇರೇನು ಗೊತ್ತು? ಬಿಸಿಲಿಗೆ ನನ್ನ ಮೈ ಬೆಚ್ಚಗಾಗಿತ್ತು. ಬುಡದ ಸುತ್ತ ಮಂಜು ಕರಗಿ ಒಂದು ಹಿಡಿ ನೀರು ನಿಂತಿತ್ತು. ಅವಳು ಬಂದಳು. ಅಭ್ಯಾಸಬಲದಿಂದ ಕೋಲು ಎತ್ತಿದಳು. ನನ್ನನ್ನು ನೋಡಿದಳು. ನಕ್ಕು, ಕೋಲನ್ನು ಹೆಗಲಿಗೆ ಹಾಕಿಕೊಂಡು ಹೊರಟಳು. ಬೀಳಬೇಕು ಅಂತ ನನಗೆ ಎಷ್ಟು ಆಸೆಯಾಯಿತು ಗೊತ್ತಾ? ಬೀಳಲಿಲ್ಲ. ಅವನು ಗಟ್ಟಿಯಾಗಿ ನೆಟ್ಟಿದ್ದ.

ನಡುವೆ ಹೋದಾಗ ಮಂಜು ಬಾಯಿ ಬಿಟ್ಟಿತು. ದೊಡ್ಡ ಸದ್ದೇನೂ ಆಗಲಿಲ್ಲ.

ಅವಳ ಕೂಗು ಕೇಳಿ ತಿಪ್ಪೇಶ ಓಡಿ ಬಂದ. ದಡದಲ್ಲಿ ನನ್ನನ್ನು ಕಂಡವನೇ ಒಂದು ಕ್ಷಣ ಹಾಗೇ ನಿಂತುಬಿಟ್ಟ. ಆ ಮುಖ ನಾನು ಸಾಯೋವರೆಗೂ ಮರೆಯಲ್ಲ. ನನ್ನನ್ನು ಕಿತ್ತುಕೊಂಡು ಓಡಿದ, ಹತ್ತಿರ ಹೋಗುತ್ತಿದ್ದಂತೆ ಹೊಟ್ಟೆಯ ಮೇಲೆ ಮಲಗಿ ತೆವಳಿದ. ಅವಳು ಎದೆಮಟ್ಟ ನೀರಿನಲ್ಲಿದ್ದಳು, ಮೊಣಕೈ ಎರಡೂ ಮಂಜಿನ ಅಂಚಿನ ಮೇಲೆ. ಉಣ್ಣೆಯ ನಿಲುವಂಗಿ ನೀರು ಕುಡಿದು ಅವಳನ್ನು ಕೆಳಕ್ಕೆ ಎಳೆಯುತ್ತಿತ್ತು. ಇವನು ನನ್ನನ್ನು ಮುಂದಕ್ಕೆ ಚಾಚಿದ. ಅವಳು ನನ್ನ ತುದಿ ಹಿಡಿದಳು. ಇವನು ಎಳೆದ. ಅಂಚು ಮುರಿಯಿತು. ಮತ್ತೆ ಎಳೆದ, ಮತ್ತೆ ಮುರಿಯಿತು. ಎಳೆದಷ್ಟೂ ಇವನೇ ಜಾರಿ ಮುಂದಕ್ಕೆ ಹೋಗುತ್ತಿದ್ದ. ಇವನ ಎದೆಯ ಕೆಳಗೂ ಮಂಜು ಚಟಚಟ ಅನ್ನತೊಡಗಿತು. ಅವಳಿಗೂ ಅದು ಕೇಳಿಸಿತು.

"ತಮ್ಮ, ಹಿಂದಕ್ಕೆ ಹೋಗು," ಅಂದಳು.

ಆಮೇಲೆ ನನ್ನ ತುದಿಯಲ್ಲಿ ಆ ಕೈ ಇರಲಿಲ್ಲ. ಅವಳೇ ಬಿಟ್ಟಳೋ, ಮರಗಟ್ಟಿದ ಬೆರಳು ತಾವೇ ಜಾರಿದವೋ, ನನಗೆ ಗೊತ್ತಿಲ್ಲ. ಅವರಿಬ್ಬರ ನಡುವೆ ಇದ್ದವನು ನಾನೊಬ್ಬನೇ, ನನಗೇ ಗೊತ್ತಿಲ್ಲ.

ಮಾರನೆಯ ದಿನ ಹಳ್ಳಿಯವರು ಅವಳನ್ನು ಮೇಲಕ್ಕೆ ತಂದರು. ಯಾರೂ ತಿಪ್ಪೇಶನನ್ನು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸ್ವಲ್ಪ ಹಗುರಾಗುತ್ತಿತ್ತೋ ಏನೋ. ಅನ್ನ ಬಿಟ್ಟ, ಮಾತು ಬಿಟ್ಟ. ಕೆಲಸ ಬಿಟ್ಟು ಊರಿಗೆ ಹೊರಟ ದಿನ ಯಾಂಗ್‌ಡೋಲಳ ಗಂಡ ಫುಂಚೋಗ್ ಬಂದ. ಕೆರೆಯನ್ನು ಸುತ್ತಿ ಬಂದಿದ್ದ ಮುದುಕ. ತಿಪ್ಪೇಶ ಅವನ ಕಾಲಿಗೆ ಬಿದ್ದ. ಮುದುಕ ಹಿಡಿದೆತ್ತಿದ.

"ಕಾಲು ಅವಳದು," ಅಂದ. "ಕೈಯಲ್ಲಿ ಕೋಲಿತ್ತು. ಕುಟ್ಟಬೇಕಾದವಳು ಅವಳು."

"ಆ ಕೋಲನ್ನ ಹೆಗಲಿಗೆ ಹಾಕೋ ಹಾಗೆ ಮಾಡಿದವನು ನಾನು," ಅಂದ ತಿಪ್ಪೇಶ.

ಮುದುಕ ಬಹಳ ಹೊತ್ತು ಅವನ ಕೈ ಹಿಡಿದುಕೊಂಡು ಕೂತಿದ್ದ. ಹೋಗುವಾಗ ಒಂದು ಪುಟ್ಟ ಪೊಟ್ಟಣ ಅವನ ಮಡಿಲಲ್ಲಿಟ್ಟು ಹೋದ. ಒಳಗೆ ಒಂದು ಉಣ್ಣೆಯ ಟೋಪಿ ಇತ್ತು, ಹಸುಗೂಸಿನ ತಲೆಯ ಅಳತೆಯದು.

ಊರಿಗೆ ಬಂದ ಮೇಲೆ ತಿಪ್ಪೇಶ ಅಪ್ಪನ ಜೊತೆ ಮತ್ತೆ ಬಾವಿ ಕೆಲಸಕ್ಕೆ ಇಳಿದ. ಒಂದು ದಿನ ಓಬಳಪ್ಪ ಎಂದಿನ ಹಾಗೆ ಗೋಡೆ ತಟ್ಟಿ ನೋಡಿ, ಮೇಲೆ ಬಂದು ನನ್ನನ್ನು ನೆಟ್ಟ. ತಿಪ್ಪೇಶ ಬಂದು ಕಿತ್ತು ಬಿಸಾಡಿದ. ಇಳಿಯುವವರು ಅವರವರೇ ತಟ್ಟಿ ನೋಡಿಕೊಳ್ಳಲಿ ಅಂದ. ಓಬಳಪ್ಪನಿಗೆ ಅವಮಾನವಾಯಿತು.

"ನಾನು ನೋಡಿದ್ದೀನಲ್ಲೋ. ಅಪ್ಪನ ಮೇಲೂ ನಂಬಿಕೆ ಇಲ್ವೇನೋ ನಿಂಗೆ?"

"ಎಲ್ಲರಿಗೂ ನಿನ್ನ ಮೇಲೆ ನಂಬಿಕೆ ಇದೆ ಕಣಪ್ಪ. ಅದಕ್ಕೇ ಹೇಳ್ತಿರೋದು."

ಓಬಳಪ್ಪನಿಗೆ ಅರ್ಥವಾಗಲಿಲ್ಲ. ಆದರೂ ಮಗನ ಮುಖ ನೋಡಿ ನನ್ನನ್ನು ಎತ್ತಿ ಪಕ್ಕಕ್ಕೆ ಮಲಗಿಸಿದ. ಅವತ್ತಿನಿಂದ ನನ್ನನ್ನು ಯಾರೂ ನೆಡಲಿಲ್ಲ. ಕೆಲಸ ಮುಗಿದರೆ ಮಲಗಿಸುತ್ತಿದ್ದರು. ಓಬಳಪ್ಪ ತೀರಿಕೊಂಡ, ಬಾವಿ ತೋಡಿಸುವವರೂ ಕಮ್ಮಿಯಾದರು. ಕೊನೆಗೆ ಮಂಚದ ಕೆಳಗಿನ ಈ ಮೂಲೆ ನನ್ನ ಪಾಲಿಗೆ ಬಂತು. ತುಕ್ಕು ಹಿಡಿಯಿತು, ಹಿಡಿಯಲಿ.

ಮಗುವಿಗೆ ಅಜ್ಜಿಯ ಹೆಸರಿಟ್ಟಿದ್ದರು, ನಿಂಗಮ್ಮ. ಆ ಟೋಪಿಯನ್ನು ಅವಳ ತಲೆಗೆ ಒಂದು ದಿನವೂ ಹಾಕಲಿಲ್ಲ. ನಮ್ಮ ಕಡೆಯ ಸೆಕೆಗೆ ಅಂಥ ದಪ್ಪ ಉಣ್ಣೆ ಹಾಕಿದರೆ ಕೂಸು ಬೆಂದುಹೋಗುತ್ತೆ ಅಂದಳು ಕೆಂಚಮ್ಮ. ಅವಳ ಮಾತೂ ನಿಜವೇ. ಟೋಪಿ ಟ್ರಂಕು ಸೇರಿತು. ತಿಪ್ಪೇಶ ಅದನ್ನು ಮುಟ್ಟಲೂ ಇಲ್ಲ, ಅದರ ಮಾತು ಎತ್ತಲೂ ಇಲ್ಲ. ಊರ ಕೆರೆಗೆ ಹೋದಾಗ ಮಗಳು, ಅಪ್ಪಾ ಇಲ್ಲಿ ಆಳ ಇದೆಯಾ ಅಂತ ಕೇಳಿದರೆ ಉತ್ತರ ಕೊಡುತ್ತಿರಲಿಲ್ಲ. ಅವಳ ಕೈಗೊಂದು ಕೋಲು ಕೊಟ್ಟು, ತಾನು ಅವಳ ಮೈಗೆ ಅಂಟಿದ ಹಾಗೆ ಪಕ್ಕದಲ್ಲೇ ನಿಲ್ಲುತ್ತಿದ್ದ. ಇದೆಂಥ ಅಪ್ಪ ಅಂತ ಕೆಂಚಮ್ಮ ರೇಗುತ್ತಿದ್ದಳು.

ಒಂದು ಮಧ್ಯಾಹ್ನ ನಿಂಗಮ್ಮ ಟ್ರಂಕು ಜಾಲಾಡಿ ಟೋಪಿ ಹುಡುಕಿಕೊಂಡು ಬಂದಳು. ಆಡಲು ಗೊಂಬೆ ಇರಲಿಲ್ಲ, ನಾನೇ ಗೊಂಬೆಯಾದೆ. ಎಳೆದು ತಂದು ಅಂಗಳದಲ್ಲಿ ಮಲಗಿಸಿ, ನನ್ನ ತಲೆಗೆ ಟೋಪಿ ಹಾಕಿ, ತಟ್ಟಿ ಜೋಗುಳ ಹಾಡಿದಳು. ಆಮೇಲೆ ಎಬ್ಬಿಸಿ ಗೋಡೆಗೆ ಒರಗಿಸಿ ನಿಲ್ಲಿಸಿದಳು. ಅಷ್ಟರಲ್ಲಿ ತಿಪ್ಪೇಶ ಒಳಗೆ ಬಂದ. ಉಣ್ಣೆಯ ಟೋಪಿ ಹಾಕಿಕೊಂಡು ನಿಂತಿದ್ದ ನನ್ನನ್ನು ನೋಡಿದ. ಬೈಯಲಿಲ್ಲ. ನಿಧಾನವಾಗಿ ಬಂದು ನನ್ನನ್ನು ಎತ್ತಿ ತೊಡೆಯ ಮೇಲೆ ಮಲಗಿಸಿಕೊಂಡ. ಟೋಪಿಯ ಮೇಲೆ ಮುಖವಿಟ್ಟು ಅತ್ತ. ಅಷ್ಟು ವರ್ಷ ತಡೆದಿದ್ದನ್ನೆಲ್ಲ ಅತ್ತ. ಮಗಳಿಗೆ ಗಾಬರಿಯಾಗಿ ಅವಳೂ ಅಳೋಕೆ ಶುರುಮಾಡಿದಳು.

"ಇದನ್ನ ನಿಲ್ಲಿಸಬಾರದಾ ಅಪ್ಪ?"

"ಬೇಡ ಕಣವ್ವ. ಮಲಗೇ ಇರಲಿ."

ಅವನೇ ನನ್ನನ್ನು ತಂದು ಮತ್ತೆ ಇಲ್ಲಿ ಮಲಗಿಸಿದ. ಟೋಪಿ ತೆಗೆಯಲಿಲ್ಲ. ಇವತ್ತಿಗೂ ಅದು ನನ್ನ ತಲೆಯ ಮೇಲಿದೆ, ಅಲ್ಲಲ್ಲಿ ಹುಳ ತಿಂದಿದೆ. ಯಾವ ತುದಿಯನ್ನು ಯಾಂಗ್‌ಡೋಲಳ ಬೆರಳು ಹಿಡಿದಿದ್ದವೋ ಅದೇ ತುದಿಗೆ ಅವಳು ಹೆಣೆದ ಟೋಪಿ. ಮಗುವಿಗೆ ಅದು ಗೊತ್ತಿರಲಿಲ್ಲ. ನನಗೆ ಗೊತ್ತು.