ಇಳಿಯುತ್ತಿದ್ದ ಮುಳ್ಳು

ಬೆಳಿಗ್ಗೆ ಎಂಟಕ್ಕೆ ಆರರ ಮೇಲೆ ನಿಂತಿದ್ದ ಒತ್ತಡ ಮಾಪಕದ ಮುಳ್ಳು ಒಂಬತ್ತರ ಹೊತ್ತಿಗೆ ಐದೂವರೆಗೆ ಇಳಿದಿತ್ತು. ನಲ್ಲಿ ಕೆಲಸದ ಎನಿಫಾ ಕೈಪಂಪು ಒತ್ತಿ, ಪೈಪುಗಳಿಗೆ ನೀರು ತುಂಬಿ ಮತ್ತೆ ಆರಕ್ಕೇರಿಸಿದಳು. ನಲ್ಲಿ ಕೂರಿಸುವ ಪೈಪಿನ ಬಾಯಿಗಳಿಗೆಲ್ಲ ಬಿರಡೆ ಹಾಕಿದ್ದಳು. ಒಂದೊಂದನ್ನೂ ಬೆರಳಿಂದ ಸವರಿ ನೋಡಿದಳು. ಎಲ್ಲ ಒಣ. ಹಾಗಾದರೆ ನೀರು ಹೋಗುತ್ತಿರುವುದು ಗೋಡೆಯೊಳಗೆ.

ಬ್ಲಾಂಟೈರ್ ನಗರದ ಚಿಲೊಮೊನಿ ಬಡಾವಣೆಯಲ್ಲಿ ಈ ಎರಡಂತಸ್ತಿನ ಮನೆಯನ್ನು ಸಿಸ್ಟರ್ ಎಮಿಲಿಡಾ ಹೆರಿಗೆ ಆಸ್ಪತ್ರೆಯಾಗಿ ಮಾರ್ಪಡಿಸುತ್ತಿದ್ದರು. ಮೇಲೆ ಈ ಹೆರಿಗೆ ಕೋಣೆ, ಅದರ ಕೆಳಗೇ ಔಷಧಿ ಕೋಣೆ. ಸೋಮವಾರ ಬಾಗಿಲು ತೆರೆಯಬೇಕು. ಇವತ್ತು ಗುರುವಾರ.

ಗೋಡೆಯನ್ನು ಗಾರೆಯಿಂದ ಮುಚ್ಚುವ ಮೊದಲೇ ಎನಿಫಾ ಎಲ್ಲ ಪೈಪುಗಳನ್ನೂ ಪರೀಕ್ಷಿಸಿದ್ದಳು. ಆಮೇಲೆ ಸಿಸ್ಟರ್, “ಕೈ ತೊಳೆಯೋ ಬೇಸಿನ್ ಮಂಚದ ಹತ್ರಾನೇ ಬರ್ಲಿ ಕಣೇ. ಮಗು ತಲೆ ಕಾಣೋ ಹೊತ್ನಲ್ಲಿ ನಾನು ಆ ಮೂಲೆಗೆ ಓಡ್ಲಾ?” ಎಂದಿದ್ದರು. ಅದಕ್ಕಾಗಿ ಪೈಪಿನ ಒಂದು ತಿರುವನ್ನು ಹೊಸದಾಗಿ ಬಿಸಿ ಮಾಡಿ ಬೆಸೆಯಬೇಕಾಯಿತು. ಅವತ್ತೇ ಮಗಳಿಗೆ ಜ್ವರವೆಂದು ಶಾಲೆಯಿಂದ ಫೋನು. ಟೈಲ್ಸ್ ಮೇಸ್ತ್ರಿ ಮಜಾವಾ ಗಾರೆ ಕಲಸಿಕೊಂಡು ಕಾಯುತ್ತಿದ್ದ. ‘ಮುಚ್ಚಿ’ ಎಂದು ಹೇಳಿ ಓಡಿಬಿಟ್ಟಿದ್ದಳು. ಹತ್ತೊಂಬತ್ತು ವರ್ಷದ ಕೆಲಸದಲ್ಲಿ ಪರೀಕ್ಷೆಯಿಲ್ಲದೆ ಗೋಡೆ ಸೇರಿದ್ದು ಅದೊಂದೇ ಬೆಸುಗೆ.

“ಏನು ತಂಗಿ, ಗಡಿಯಾರ ನೋಡ್ದಂಗೆ ನೋಡ್ತಾ ಕೂತಿದ್ದೀಯ?” ಬಾಗಿಲಲ್ಲಿ ಮಜಾವಾ ನಿಂತಿದ್ದ.

“ಇಳೀತಿದೆ ಅಣ್ಣಾ.”

ಅವನು ಮುಳ್ಳಿನ ಕಡೆ ನೋಡಿ ತಕ್ಷಣ ಕಣ್ಣು ಹೊರಳಿಸಿದ. “ಬಿಡು ಅತ್ಲಾಗೆ. ನಮ್ಮೂರಲ್ಲಿ ಅರ್ಧ ದಿನ ನೀರೇ ಬರಲ್ಲ, ಇಷ್ಟು ಒತ್ತಡ ಎಲ್ಲಿಂದ ಬರ್ಬೇಕು? ಒಳ್ಳೆ ಟೈಲ್ಸು ಸುಮ್ನೆ ಹಾಳಾಗತ್ತೆ.”

ಅವನು ಹೇಳಿದ್ದು ಒಂದು ಕ್ಷಣ ಅವಳಿಗೆ ಹಿತವಾಗಿಯೇ ಕೇಳಿಸಿತು. ಸೋಮವಾರ ಏನೂ ಆಗದೆ ಇರಬಹುದು, ತಿಂಗಳೂ ಕಳೆಯಬಹುದು. ಆಮೇಲೊಂದು ದಿನ ಕೆಳಗಿನ ಛಾವಣಿ ನೆನೆದು, ಔಷಧಿ ಪೆಟ್ಟಿಗೆಗಳ ಮೇಲೆ ತೊಟ್ಟಿಕ್ಕುತ್ತದೆ. ಮೇಲೆ ಯಾವಳೋ ನೋವು ತಿನ್ನುತ್ತಿರುವಾಗ ನೀರು ನಿಲ್ಲಿಸಬೇಕಾಗುತ್ತದೆ. ಅಷ್ಟರಲ್ಲಿ ಮುಳ್ಳು ಮತ್ತೆ ಇಳಿದಿತ್ತು. ಎನಿಫಾ ಕೆಳಗೆ ಹೋಗಿ ಸಿಸ್ಟರನ್ನು ಕರೆತಂದಳು.

“ತಪ್ಪು ನಂದು ಸಿಸ್ಟರ್. ಬೇಸಿನ್ ಹಿಂದಿನ ಬೆಸುಗೆ ಪರೀಕ್ಷೆ ಮಾಡ್ದೆ ಮುಚ್ಚಿಸ್ದೆ. ಗೋಡೆ ಒಡೀಬೇಕು.”

ಸಿಸ್ಟರ್ ಬೈಯಲಿಲ್ಲ. ಹೊಳೆಯುವ ಬಿಳಿ ಗೋಡೆಯನ್ನೇ ನೋಡುತ್ತ, “ಸೋಮವಾರಕ್ಕೆ ಐದು ಜನ ಬಸುರೀರಿಗೆ ಬನ್ನಿ ಅಂದಿದ್ದೀನಿ ಎನಿಫಾ,” ಎಂದರು. ಬೈದಿದ್ದರೇ ಚೆನ್ನಾಗಿತ್ತು.

ನಾಲ್ಕು ಟೈಲ್ಸ್ ಒಡೆದವು. ಗಾರೆ ಕೆರೆದು ತಿರುವನ್ನು ಬಯಲು ಮಾಡಿದಳು. ಮುಟ್ಟಿದಳು, ಬಟ್ಟೆಯಿಂದ ಒರೆಸಿದಳು, ಮತ್ತೆ ಮುಟ್ಟಿದಳು. ಬೆಸುಗೆ ಗಟ್ಟಿಯಾಗಿತ್ತು, ಒಂದು ಹನಿಯೂ ಇಲ್ಲ. ಎದೆ ಹಗುರಾಗುವ ಬದಲು ಇನ್ನಷ್ಟು ಕುಸಿಯಿತು. ಇಲ್ಲಲ್ಲವೆಂದರೆ ಎಲ್ಲಿ? ಮೂರು ಗೋಡೆ ಬಾಕಿ ಇವೆ. ಅದೇ ಗೋಡೆಯ ಮುಂದಿನ ಟೈಲ್ಸ್‌ಗೆ ಉಳಿ ಇಟ್ಟಳು.

“ನಿಲ್ಸು ತಂಗಿ.” ಮಜಾವಾ ಅವಳ ಉಳಿಗೆ ಕೈ ಅಡ್ಡ ಇಟ್ಟ. “ಅಲ್ಲಲ್ಲ. ಇಲ್ಲಿ.”

ಅವನು ಎದುರು ಗೋಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕುಳಿತ. “ಟೈಲ್ಸಿನ ಮೊದಲ ಸಾಲಿಗೆ ಆಸರೆಯಾಗಿ ಮರದ ಪಟ್ಟಿ ಹೊಡೆಯೋವಾಗ ಮೊಳೆ ಪೈಪಿಗೆ ತಾಗಿದಂಗಾಯ್ತು. ಕಿತ್ತೆ. ನೀರು ಬರ್ಲಿಲ್ಲ.”

“ಆಗ ಪೈಪಿಗೆ ನೀರೇ ಬಿಟ್ಟಿರ್ಲಿಲ್ವಲ್ಲ ಅಣ್ಣಾ!”

“ಗೊತ್ತು ಕಣೇ.” ಅವನು ತಲೆ ಎತ್ತಲಿಲ್ಲ. “ನೀನು ಸಿಸ್ಟರ್ ಮುಂದೆ ನಂದು ಅಂದೆಯಲ್ಲ, ಆವಾಗ್ಲೇ ನಾನೂ ಬಾಯಿ ಬಿಡ್ಬೇಕಿತ್ತು.”

ಎನಿಫಾಗೆ ಕಿರುಚಬೇಕೆನಿಸಿತು; ಉಳಿ, ಸುತ್ತಿಗೆಗಳನ್ನು ಅವನ ಮುಂದಿಟ್ಟಳು. ಅವನೇ ಟೈಲ್ಸ್ ಕಿತ್ತ. ಒಳಗಿನ ಗಾರೆ ಕಪ್ಪಗೆ ನೆನೆದಿತ್ತು, ಪೈಪಿನ ಮೈಯಲ್ಲಿ ಸೂಜಿಯಷ್ಟು ತೂತು. ಅವಳು ಆ ತುಂಡನ್ನು ಕತ್ತರಿಸಿ ಹೊಸದನ್ನು ಬೆಸೆಯುವವರೆಗೂ ಅವನು ಪೈಪಿನ ತುದಿ ಕರಗಿಸುವ ಬಿಸಿ ಅಚ್ಚನ್ನು ಅಲುಗದಂತೆ ಹಿಡಿದುಕೊಂಡಿದ್ದ. ನಂತರ ತಾನೇ ಎದ್ದು ಸಿಸ್ಟರಿಗೆ ಹೇಳಿ ಬಂದ.

ಬೆಸುಗೆ ತಣಿದ ಮೇಲೆ ಎನಿಫಾ ಮುಳ್ಳನ್ನು ಆರಕ್ಕೆ ಏರಿಸಿದಳು. ಸಿಸ್ಟರ್ ಚಹಾ, ಬೇಯಿಸಿದ ಗೆಣಸು ತಂದಿಟ್ಟು ತಾವೂ ನೆಲದ ಮೇಲೆ ಕುಳಿತರು. ಮೂವರೂ ನೋಡುತ್ತಿದ್ದರು. ಒಂದು ಗಂಟೆ ಕಳೆಯಿತು, ಎರಡಾಯಿತು. ಮುಳ್ಳು ಕದಲಲಿಲ್ಲ.

“ಗಾರೆ ಕಲಸ್ಲಾ?” ಮಜಾವಾ ಮೆಲ್ಲಗೆ ಕೇಳಿದ.

“ಇನ್ನೊಂದು ಗಂಟೆ,” ಎಂದಳು ಎನಿಫಾ, ಅವನ ಕಡೆಗೆ ಗೆಣಸಿನ ತಟ್ಟೆ ಸರಿಸುತ್ತ.