ಎರಡೂ ಕಿವಿಗೆ ಗುರುತಿದ್ದ ಕುರಿ

ಅಜ್ಜ ಎದ್ದು ಪರದೆಯ ಕಡೆ ನಡೆದೇಬಿಟ್ಟ. ಪ್ರೊಜೆಕ್ಟರಿನ ಬೆಳಕಿಗೆ ಅಡ್ಡ ನಿಂತದ್ದರಿಂದ ಹಿಮಸಾರಂಗದ ಒಂದು ಕೊಂಬು ಪರದೆಯ ಮೇಲೂ ಇನ್ನೊಂದು ಅವನ ಅಂಗಿಯ ಬೆನ್ನಿನ ಮೇಲೂ ಬಿತ್ತು. ಬೆರಳೆತ್ತಿ ಪ್ರಾಣಿಯ ಎಡಗಿವಿ ಮುಟ್ಟಿದ. ಆಮೇಲೆ ಬಲಗಿವಿ.

"ಇದು ತಕರಾರಿನ ಪ್ರಾಣಿ," ಎಂದ.

ಸೆಮಿನಾರ್ ಹಾಲಿನ ಹಿಂದಿನ ಸಾಲುಗಳಲ್ಲಿ ನಗು ಎದ್ದಿತು. ನಮಗೆ ಅಂತರರಾಷ್ಟ್ರೀಯ ಕಾನೂನು ಪಾಠ ಮಾಡುವ ಕನಕರಾಜ್ ಸರ್ ಮೈಕಿನತ್ತ ಬಾಗಿದರು. "ಬೋರಪ್ಪಾರೆ, ಪ್ರಶ್ನೆ ಕೇಳಕ್ಕೆ ಕೊನೇಲಿ ಟೈಮ್ ಕೊಡ್ತೀವಿ. ಕುಂತ್ಕಳ್ರಿ."

"ಪ್ರಶ್ನೆ ಅಲ್ಲ ಸಾರ್. ಇರೋದು ಹೇಳ್ತಿದೀನಿ."

ಅಜ್ಜ ಅಲ್ಲಿದ್ದದ್ದಕ್ಕೆ ಕನಕರಾಜ್ ಸರ್ ಅವರೇ ಕಾರಣ. ದುರ್ಗದ ನಮ್ಮ ಕಾಲೇಜಿಗೆ ನಾರ್ವೆಯಿಂದ ವಿದ್ವಾಂಸರೊಬ್ಬರು ಬರುತ್ತಿರುವುದು ಇದೇ ಮೊದಲು. ಹಾಲಿನಲ್ಲಿ ಇನ್ನೂರು ಕುರ್ಚಿ, ನಾವು ಅರವತ್ತು ಜನ. ಖಾಲಿ ಕುರ್ಚಿ ಕಂಡರೆ ಕಾಲೇಜಿನ ಮರ್ಯಾದೆ ಏನಾಗಬೇಕು? ಒಬ್ಬೊಬ್ಬರು ಇಬ್ಬಿಬ್ಬರನ್ನು ಕರೆತರಬೇಕೆಂದು ಸರ್ ಹಿಂದಿನ ದಿನ ಅಪ್ಪಣೆ ಮಾಡಿದ್ದರು. ಹಾಗಾಗಿ ಗಡಿ ದಾಟುವ ಕುರಿಗಾಹಿಗಳ ಹಕ್ಕಿನ ಕುರಿತ ಉಪನ್ಯಾಸ ಕೇಳಲು ಜೆರಾಕ್ಸ್ ಅಂಗಡಿಯವರು, ಹಾಸ್ಟೆಲಿನ ಅಡುಗೆಯವರು, ಯಾರದೋ ಸೋದರತ್ತೆ ಎಲ್ಲರೂ ಬಂದು ಕೂತಿದ್ದರು. ಅಜ್ಜ ಪಶು ಆಸ್ಪತ್ರೆಗೆ ಜಂತುಹುಳದ ಔಷಧಿಗೆಂದು ಬಂದಿದ್ದ. ನಾನು ಕೈಹಿಡಿದು ಎಳೆದುಕೊಂಡು ಬಂದಿದ್ದೆ.

ಉಪನ್ಯಾಸಕಿಯ ಹೆಸರು ಮಾರಿತ್. ಐವತ್ತರ ಆಸುಪಾಸು. ಹಿಮಸಾರಂಗ ಮೇಯಿಸುವ ಸಾಮಿ ಜನರ ಮನೆಯಲ್ಲಿ ಹುಟ್ಟಿ, ಆಮೇಲೆ ಕಾನೂನು ಓದಿದವರು. ಅವರು ಹೇಳಿದ್ದನ್ನು ಕನ್ನಡಕ್ಕೆ ತರುವ ಕೆಲಸ ನನ್ನದಾಗಿತ್ತು. ಈಗ ಅಜ್ಜ ಹೇಳಿದ್ದನ್ನು ಇಂಗ್ಲಿಷಿಗೆ ತಂದೆ. ಅವರು ನಗಲಿಲ್ಲ. ಕೈಯಲ್ಲಿದ್ದ ರಿಮೋಟನ್ನು ಮೇಜಿನ ಮೇಲಿಟ್ಟು, ತಕರಾರು ಅಂತ ಹೇಗೆ ಗೊತ್ತಾಯಿತು ಎಂದು ಕೇಳಿದರು.

"ಎರಡೂ ಕಿವಿ ಕುಯ್ದವರೆ. ನಮ್ದು ಎಡಗಿವಿ, ತುದೀಲಿ ಸೀಳು. ಪಕ್ಕದ ಮಂದೆ ಚಿತ್ತಯ್ಯಂದು ಬಲಗಿವಿ, ಅರ್ಧ ಚಂದ್ರ. ಎರಡೂ ಇದ್ರೆ ಅದಕ್ಕೆ ಇಬ್ರು ಯಜಮಾನ್ರು."

ಮಾರಿತ್ ವಿವರಿಸಿದರು. ಅವರ ನಾಡಿನಲ್ಲಿ ಎರಡೂ ಕಿವಿಯ ಕಚ್ಚುಗಳು ಸೇರಿ ಒಬ್ಬನ ಗುರುತು. ಮಗು ಹುಟ್ಟಿದರೆ ಅದಕ್ಕೂ ಒಂದು ಬೇರೆ ಗುರುತು, ಹೆಣ್ಣಾದರೂ ಸರಿ. ಅಜ್ಜ ತಲೆದೂಗುತ್ತ ಕೇಳಿಸಿಕೊಂಡ.

"ಹಂಗಾದ್ರೆ ತಪ್ಪಿಸ್ಕಂಡು ಇನ್ನೊಬ್ಬನ ಮಂದೆ ಸೇರಿದ್ದಕ್ಕೆ ಅವ್ನು ಎಲ್ಲಿ ಕುಯ್ಯಬೇಕು? ಜಾಗವೇ ಇಲ್ವಲ್ಲ."

"ಕುಯ್ಯಬಾರದು ಅಂತಾರೆ ಅಜ್ಜ."

"ಕುಯ್ಯಬಾರ್ದು, ಸರಿ. ಆದ್ರೆ ಕುಯ್ತಾನೆ. ಕೇಳು."

ಕೇಳಿದೆ. ಮಾರಿತ್, ಹೌದು, ಕುಯ್ಯುತ್ತಾರೆ ಎಂದು ಒಪ್ಪಿಕೊಂಡರು.

ಮುಂದಿನ ಚಿತ್ರದಲ್ಲಿ ಹಳೆಯ ಕಾಗದವೊಂದಿತ್ತು. 1751ರಲ್ಲಿ ಎರಡು ರಾಜ್ಯಗಳು ಬೆಟ್ಟಗಳ ಮೇಲೆ ಗಡಿ ಎಳೆದಾಗ, ಸಾಮಿ ಜನ ತಮ್ಮ ಹಿಂಡಿನೊಡನೆ ವರ್ಷಕ್ಕೆರಡು ಸಲ ಆ ಗಡಿಯನ್ನು ದಾಟಬಹುದು, ಯುದ್ಧ ನಡೆಯುತ್ತಿದ್ದರೂ ದಾಟಬಹುದು ಎಂದು ಬರೆದುಕೊಂಡದ್ದು. ಕನಕರಾಜ್ ಸರ್ ಇದನ್ನು ತರಗತಿಯಲ್ಲಿ ಒಂದೇ ಸಾಲಿನಲ್ಲಿ ಮುಗಿಸಿದ್ದರು. ಅಜ್ಜ ಇನ್ನೂ ಪರದೆಯ ಪಕ್ಕದಲ್ಲೇ ನಿಂತಿದ್ದ.

"ಸಾರಂಗ ಕಾಯೋರು ಸೈ ಹಾಕಿದ್ರಾ ಇದಕ್ಕೆ?"

ಇಲ್ಲ, ರಾಜರ ಕಡೆಯವರು ಮಾತ್ರ, ಎಂದರು ಮಾರಿತ್. ತುಂಬಾ ಕಾಲ ನಡೆಯಿತು, ಆಮೇಲೆ ಬೇರೆ ಬೇರೆ ಕಾಗದಗಳು ಬಂದು ದಾರಿ ಕಿರಿದಾಯಿತು. ಅಜ್ಜ ಹೂಂಗುಟ್ಟಿ, ಟವೆಲ್ ಕೊಡವಿಕೊಂಡು ಬಂದು ಕೂತ.

ಉಪನ್ಯಾಸ ಮುಗಿದ ಮೇಲೆ ಮಾರಿತ್ ಟೀ ಲೋಟ ಹಿಡಿದು ನೇರ ಅಜ್ಜನ ಹತ್ತಿರ ಬಂದರು. ನಿಮ್ಮಲ್ಲಿ ಈಗ ಅಂಥ ತಕರಾರು ಇದೆಯೇ?

"ಐತೆ. ಭಾನುವಾರ ಬಗೆಹರೀತೈತೆ."

ಮಾರಿತ್ ನನ್ನತ್ತ ತಿರುಗಿ ಹುಬ್ಬೇರಿಸಿದರು. ಏನೆಂದು ನನಗೆ ಗೊತ್ತಿತ್ತು.

ಅವರ ವಿಶ್ವವಿದ್ಯಾಲಯ ಆರು ವಾರದ ತರಬೇತಿಗೆ ನಮ್ಮ ಸುತ್ತಿನ ಕಾಲೇಜುಗಳಿಂದ ಒಬ್ಬರನ್ನು ಆರಿಸುತ್ತಿತ್ತು. ಕಾನೂನಿನ ಪುಸ್ತಕದಲ್ಲಿಲ್ಲದ, ನೀವೇ ಕಣ್ಣಾರೆ ಕಂಡ ಒಂದು ನಿಯಮದ ಬಗ್ಗೆ ಎರಡು ಪುಟ ಬರೆದುಕೊಡಬೇಕು. ನಾನು ಹಿರಿಯೂರು ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ಪದ್ಧತಿಯ ಬಗ್ಗೆ ಬರೆದಿದ್ದೆ. ಮಾರಿತ್ ಅದನ್ನು ಹಿಂದಿರುಗಿಸಿದ್ದರು. ಅಂಚಿನಲ್ಲಿ, ಓದಿ ನಕ್ಕೆ, ಆದರೆ ಇಲ್ಲಿ ನ್ಯಾಯ ಹೇಳುವವರು ಯಾರು, ಎಂದು ಬರೆದಿದ್ದರು. ಇನ್ನೊಂದು ಕೊಡಲು ಸೋಮವಾರದವರೆಗೆ ಗಡುವು. ನನಗೆ ಆ ಜಾಗ ಬೇಕಿತ್ತು. ನಮ್ಮ ಹಟ್ಟಿಯಲ್ಲಿ ಹುಟ್ಟಿದಾಗಿನಿಂದ ನೋಡಿದ ಕಿವಿಯ ಕಚ್ಚು ಕಾನೂನಾಗಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಇನ್ನೂ ಏನೇನು ಹೊಳೆದಿಲ್ಲವೋ ಎಂಬುದನ್ನು ಅಲ್ಲಿ ಹೋಗಿ ಕೂತು ತಿಳಿಯಬೇಕೆನಿಸಿತ್ತು.

ಭಾನುವಾರ ಬೆಳಿಗ್ಗೆ ಕನಕರಾಜ್ ಸರ್ ಕಾರಿನಲ್ಲಿ ಹೋದೆವು. ಹಿರಿಯೂರು ದಾಟಿ ಹೆದ್ದಾರಿಯಿಂದ ಇಳಿದರೆ ಕಡಲೆಕಾಯಿ ಕಿತ್ತ ಹೊಲ. ಗೊಬ್ಬರಕ್ಕೆಂದು ಹೊಲದವರೇ ಎರಡು ಮಂದೆಗಳನ್ನು ಕರೆದು, ರಾತ್ರಿ ಹೊಲದಲ್ಲೇ ತಂಗುವಂತೆ ತರುಬಿಸಿದ್ದರು. ಒಂದು ನಮ್ಮದು. ಇನ್ನೊಂದು ಆಂಧ್ರದ ಅಮರಾಪುರ ಕಡೆಯಿಂದ ಬಂದ ಚಿತ್ತಯ್ಯನದು.

"ಹಂಗಾದ್ರೆ ಇದು ಅಂತರರಾಜ್ಯ ವ್ಯಾಜ್ಯ," ಎಂದರು ಸರ್, ಸ್ವಲ್ಪ ಹೆಮ್ಮೆಯಿಂದ. "ಗಡಿ ಎಲ್ಲೈತೆ ಅಂತ ನಿಮಗೆ ಗೊತ್ತಾಗುತ್ತಾ ಬೋರಪ್ಪಾರೆ?"

"ಗೊತ್ತಾಗದೆ ಏನು? ಕಲ್ಲು ನೆಟ್ಟಿದಾರಲ್ಲ. ಅದರ ಮ್ಯಾಲೆ ಕುಂತೇ ಬೀಡಿ ಸೇದೋದು."

ಚಿತ್ತಯ್ಯ ನಲವತ್ತರ ಸಣಕಲು ಆಳು. ಅಜ್ಜನಿಗೆ ಮಾಮ ಎನ್ನುತ್ತಿದ್ದ. "ಏಮಿ ಮಾಮ, ದೊರೆಸಾನಿನೇ ಕರ್ಕಂಡ್ ಬಂದಿದೀಯ? ಇವ್ರೇನು ನಿನ್ ಕಡೆ ಲಾಯರ್ರಾ?"

"ಲಾಯರ್ ಆಗೋಳು ಇವಳು. ಇವ್ರು ಸಾರಂಗ ಕಾಯೋರು."

"ಸರೇ, ನಮ್ಮೋರೇ ಹಂಗಾದ್ರೆ," ಎಂದು ಚಿತ್ತಯ್ಯ ಮಾರಿತ್‌ಗೆ ಕೂರಲು ಕಂಬಳಿ ಹಾಸಿದ.

ತಕರಾರಿನ ಕುರಿಯನ್ನು ಚಂದ್ರಕ್ಕ ಹಿಡಿದುಕೊಂಡು ಬಂದಳು. ಎರಡು ಮಂದೆಯವರಿಗೂ ಬೇಕಾದವಳು, ಯಾರಿಗೂ ಹೆದರದವಳು. ಮೂರು ದಿನ ತನ್ನ ರೊಪ್ಪದಲ್ಲಿ ಕೂಡಿಟ್ಟುಕೊಂಡಿದ್ದಳು, ಕುರಿಯ ಮೈಯಿಂದ ಎರಡೂ ಮಂದೆಯ ವಾಸನೆ ಹೋಗಲಿ ಎಂದು. ಅದರ ಎಡಗಿವಿಯಲ್ಲಿ ನಮ್ಮ ಸೀಳು, ಬಲಗಿವಿಯಲ್ಲಿ ಅವರ ಅರ್ಧ ಚಂದ್ರ. ಹೋದ ಮಳೆಗಾಲಕ್ಕೆ ಮುಂಚೆ ನಮ್ಮ ಮಂದೆಯಿಂದ ತಪ್ಪಿಸಿಕೊಂಡದ್ದು ಎಂದು ಅಜ್ಜ. ಸಂತೆಯಲ್ಲಿ ಕೊಂಡಾಗಲೇ ಎಡಗಿವಿ ಹಾಗೆ ಹರಿದಿತ್ತು ಎಂದು ಚಿತ್ತಯ್ಯ.

ಮಂದೆಗಳು ಹೊಲದ ಎರಡು ತುದಿಯಲ್ಲಿದ್ದವು. ನಡುವೆ ಬಿಟ್ಟ ಕುರಿ ತಾನಾಗಿ ಯಾವ ಮಂದೆ ಸೇರುತ್ತದೋ ಅದು ಅವರದು. ಚಂದ್ರಕ್ಕ ಇಬ್ಬರಿಗೂ ಒಂದೊಂದು ಚೊಂಬು ನೀರು ಕೊಟ್ಟಳು. ಇಬ್ಬರೂ ಬಾಯಿ ತುಂಬಿಸಿಕೊಂಡು, ನುಂಗದೆ, ಕೆನ್ನೆ ಉಬ್ಬಿಸಿ ಕುರಿಗೆ ಬೆನ್ನು ಹಾಕಿ ನಿಂತರು. ಮಾರಿತ್ ಪಿಸುದನಿಯಲ್ಲಿ ಕೇಳಿದರು: ನೀರು ಯಾಕೆ?

ಚಂದ್ರಕ್ಕನನ್ನು ಕೇಳಿದೆ. "ಒಬ್ಬೊಬ್ಬಂದು ಒಂದೊಂದು ಕೂಗು ಇರ್ತೈತಮ್ಮ. ಕೂಗಿದ್ರೆ ಕುರಿ ಬಂದ್ಬಿಡ್ತೈತೆ. ಬೆನ್ನು ಹಾಕಿದ್ರೇನು, ಬಾಯಿ ಇರ್ತೈತಲ್ಲ. ಈ ಗಂಡಸ್ರನ್ನ ನಂಬಕ್ಕಾಗುತ್ತಾ?"

ಮಾರಿತ್ ಅದನ್ನು ಬರೆದುಕೊಂಡರು, ಕೊನೆಯ ವಾಕ್ಯವನ್ನೂ.

ಚಂದ್ರಕ್ಕ ಕುರಿ ಬಿಟ್ಟಳು. ಅದು ನಾಲ್ಕು ಹೆಜ್ಜೆ ನಡೆದು ನಿಂತಿತು. ಎಡಕ್ಕೂ ಹೋಗಲಿಲ್ಲ, ಬಲಕ್ಕೂ ಹೋಗಲಿಲ್ಲ. ನೇರ ಕನಕರಾಜ್ ಸರ್ ಹತ್ತಿರ ಬಂದು ಅವರ ಕಂಕುಳಲ್ಲಿದ್ದ ಫೈಲಿನ ತುದಿ ಕಚ್ಚಿತು. "ಏಯ್, ಏಯ್" ಎಂದು ಸರ್ ಹಿಂದೆ ಸರಿದರು. ಅವರ ದನಿ ಕೇಳಿ ಚಿತ್ತಯ್ಯ ತಿರುಗಿ ನೋಡಿ ನಕ್ಕುಬಿಟ್ಟ, ಅವನ ಬಾಯಿಯ ನೀರೆಲ್ಲ ಪಿಚಕಾರಿಯಂತೆ ಹಾರಿತು.

"ಮೊದ್ಲಿಂದ," ಎಂದಳು ಚಂದ್ರಕ್ಕ.

"ಅವನು ನೀರು ಉಗುಳಿದ್ದಕ್ಕೆ ಸೋತಂತೆ ಅಲ್ಲವೇ?" ಮಾರಿತ್‌ರ ಪ್ರಶ್ನೆ.

"ನಕ್ಕಿದ್ದಕ್ಕೆಲ್ಲ ಸೋಲು ಅಂದ್ರೆ ಕುರಿ ಯಾರ ಹತ್ರ ಉಳೀತಾವೆ? ಕೂಗಿದ್ರೆ ಸೋಲು," ಎಂದಳು ಚಂದ್ರಕ್ಕ.

ಎರಡನೆಯ ಸಲ ಕುರಿ ತುಂಬಾ ಹೊತ್ತು ತೆಗೆದುಕೊಂಡಿತು. ಒಣಬಳ್ಳಿ ಮೂಸಿತು. ಕತ್ತೆತ್ತಿ ಎರಡೂ ಕಡೆ ನೋಡಿತು. ಅಜ್ಜನ ಕೆನ್ನೆ ನಡುಗುತ್ತಿದ್ದುದನ್ನು ಪಕ್ಕದಿಂದ ಕಂಡೆ. ನಾನೇ ಅವನ ಕೂಗನ್ನು ಕೂಗಿಬಿಡಬಹುದಿತ್ತು. ನನಗೆ ಬರುತ್ತದೆ. ಕುರಿ ಮೆಲ್ಲಗೆ ಬಲಕ್ಕೆ ತಿರುಗಿ, ಓಡದೆ, ಯಾವ ಗಡಿಬಿಡಿಯೂ ಇಲ್ಲದೆ ಚಿತ್ತಯ್ಯನ ಮಂದೆಯೊಳಗೆ ಸೇರಿಕೊಂಡಿತು.

ಅಜ್ಜ ನೀರು ಉಗುಳಿ, ಮೀಸೆ ಒರೆಸಿಕೊಂಡ. "ಆತಪ್ಪ, ಹೊಡ್ಕಂಡು ಹೋಗು," ಎಂದ. ಅಷ್ಟೇ. ಚಂದ್ರಕ್ಕ ಚೊಂಬುಗಳನ್ನು ಎತ್ತಿಕೊಂಡು ಹೊರಟೇ ಹೋದಳು.

ಮಾರಿತ್‌ರ ಕಣ್ಣು ಹೊಳೆಯುತ್ತಿತ್ತು. ನಿನ್ನ ಎರಡು ಪುಟ ಇದೇ, ನ್ಯಾಯ ಹೇಳುವವರೂ ಇದ್ದಾರೆ, ಎಂದರು. ಬರಹದೊಡನೆ ಎರಡೂ ಪಕ್ಷದವರ ಸಮ್ಮತಿ ಪತ್ರ ಇರಬೇಕು. ಇಲ್ಲದಿದ್ದರೆ ಸಮಿತಿ ಅದನ್ನು ತೆರೆದೂ ನೋಡುವುದಿಲ್ಲ. ಸರ್ ಕನ್ನಡದಲ್ಲಿ ಬರೆದು ತಂದಿದ್ದರು. ಅಂಚು ಕುರಿ ತಿಂದಿತ್ತು, ಅಕ್ಷರ ಉಳಿದಿದ್ದವು.

ಅಜ್ಜ ತುಟಿ ಆಡಿಸುತ್ತ ಪೂರ್ತಿ ಓದಿದ. ಅವನಿಗೆ ಓದು ಬರುತ್ತದೆ, ಪಶು ಆಸ್ಪತ್ರೆಯ ಪುಸ್ತಕದಲ್ಲಿ ತಿಂಗಳಿಗೊಮ್ಮೆ ಸೈ ಹಾಕುತ್ತಾನೆ.

"ಇದನ್ನ ಇಟ್ಕಂಡು ಏನ್ಮಾಡ್ತಾರೆ ರೋಜಾ?"

"ಪುಸ್ತಕದಾಗೆ ಸೇರುತ್ತಜ್ಜ. ಕುರಿಯವ್ರ ಪದ್ಧತಿ ಹಿಂಗೈತೆ ಅಂತ ನಾಳೆ ಕೋರ್ಟಿನಾಗೂ ತೋರಿಸ್ಬೋದು."

"ಯಾರು ತೋರಿಸ್ತಾರೆ? ಸೋತೋನು." ಕಾಗದ ಮಡಚಿದ. "ಬರೋ ವರ್ಷ ಯಾವನೋ ಇದನ್ನ ಹಿಡ್ಕಂಡು ಬರ್ತಾನೆ. ಕುರಿ ಹೊಡ್ಕಂಡು ಬರಲ್ಲ."

"ಕುರಿ ಹೋಯ್ತು ಅಂತ ಸಿಟ್ಟಾ ನಿಂಗೆ?"

ಅಜ್ಜ ನಕ್ಕ. "ಲೇ ಚಿತ್ತ, ಹೋದ್ವರ್ಷ ಹಿಂಗೇ ಬಿಟ್ಟಾಗ ನಮ್ಮ ಕಡೆ ಬಂತಲ್ಲ, ಬಾಲದ ಹತ್ರ ಕಪ್ಪು ಮಚ್ಚೇದು, ಅದು ಯಾರದು?"

ಚಿತ್ತಯ್ಯ ನೆಲ ಕೆರೆದ. "ನಂದೇ ಮಾಮ."

"ನಂಗೂ ಗೊತ್ತಿತ್ತು. ಇವತ್ತಿಂದು ನಂದು ಅಂತ ಇವ್ನಿಗೂ ಗೊತ್ತು. ಅದನ್ನೂ ಬರೀತೀಯೇನಮ್ಮ?"

ಪ್ರಾಮಾಣಿಕವಾಗಿ ಬರೆದರೆ ಬರೆಯಲೇಬೇಕು. ಬರೆದರೆ ನಿಯಮವೇ ಸುಳ್ಳಿನಂತೆ ಕಾಣುತ್ತದೆ. ಸೋತವನು ಹೀಗೆ ಗೊತ್ತಿದ್ದೂ ಬಿಟ್ಟುಕೊಡುವುದರಿಂದಲೇ ಇಷ್ಟು ವರ್ಷ ಅದು ನಡೆದದ್ದು ಎಂಬುದನ್ನು ಯಾವ ಸಮಿತಿಗೆ ಹೇಗೆ ಹೇಳಲಿ? ಆದರೆ ಆ ಜಾಗದ ಆಸೆ ಹಾಗೇ ಇತ್ತು.

ಹೆಸರು ಬೇಡ, ಊರೂ ಬೇಡ, ಸಹಿ ಸಮಿತಿಯ ಕಪಾಟಿನಲ್ಲಿ ಮಾತ್ರ ಇರುತ್ತದೆ, ಎಂದರು ಮಾರಿತ್. ಚಿತ್ತಯ್ಯ, ಮಾಮ ಹಾಕಿದರೆ ತಾನೂ ಹಾಕುವುದಾಗಿ ಹೇಳಿದ. ಎಲ್ಲವನ್ನೂ ಅಜ್ಜನಿಗೆ ಹೇಳಿದೆ. ಸೋಮವಾರದ ಗಡುವು, ಒಂದೇ ಜಾಗ, ಬರೆಯಲು ನನ್ನ ಹತ್ತಿರ ಬೇರೇನೂ ಇಲ್ಲದಿರುವುದು, ಒಂದನ್ನೂ ಬಿಡಲಿಲ್ಲ.

ಅಜ್ಜ ಮಾರಿತ್ ಕಡೆ ನೋಡಿದ. "ಹಿಮ ಮುಚ್ಚಿದಾಗ ಅವು ಏನು ತಿಂತಾವೆ, ಕೇಳು."

ಗೊರಸಿನಿಂದ ಹಿಮ ಕೆದರಿ, ಅಡಿಯಲ್ಲಿರುವ ಪಾಚಿಯಂಥದ್ದನ್ನು ತಿನ್ನುತ್ತವೆ ಎಂದು ಮಾರಿತ್ ಕೈಯಿಂದ ನೆಲ ಕೆದರಿ ತೋರಿಸಿದರು.

"ವಾಸನೆ ಮ್ಯಾಲೆ ಹುಡುಕ್ತಾವಾ?"

"ಹೌದಂತೆ."

"ಅಷ್ಟು ಹಿಮದ ಕೆಳಗಿಂದು? ನೀನು ಹೋಗಿ ನೋಡ್ಬೇಕು ಇದನ್ನ. ನೋಡ್ಕಂಡು ಬಂದು ನಂಗೆ ಸರಿಯಾಗಿ ಹೇಳ್ಬೇಕು."

ನಾನು ಪೆನ್ನಿನ ಮುಚ್ಚಳ ತೆಗೆದು ಅವನ ಮುಂದೆ ಹಿಡಿದೆ. "ಹಂಗಾದ್ರೆ ಸೈ ಹಾಕಜ್ಜ."

"ಹಾಕಲ್ಲ," ಎಂದ ಅಜ್ಜ.