ಬಚ್ಚಲುಮನೆಯ ಚಿಲಕ

ಜೀವನಚರಿತ್ರೆಯ ಹನ್ನೊಂದು ಅಧ್ಯಾಯ ಮುಗಿದಿದ್ದವು. ಮಹಾನುಭಾವರು ಹುಟ್ಟಿದ್ದಾಯಿತು, ಓದಿದ್ದಾಯಿತು, ಎರಡು ಸರ್ಕಾರಗಳಿಗೆ ಬುದ್ಧಿ ಹೇಳಿದ್ದಾಯಿತು, ಅವುಗಳಲ್ಲೊಂದು ಆ ಮಾತು ಕೇಳಿ ಬಿದ್ದದ್ದೂ ಆಯಿತು, ಕೊನೆಗೆ ತೀರಿಕೊಂಡದ್ದೂ ಆಯಿತು. ಉಳಿದದ್ದು ಒಂದೇ ಪ್ರಶ್ನೆ. 'ಸಮಾಜ ನಿಂತಿರುವುದು ಕಾನೂನಿನಿಂದಲ್ಲ, ರೂಢಿಯಿಂದ' ಎಂಬ ಆ ಸುಪ್ರಸಿದ್ಧ ವಿಚಾರ ಅವರಿಗೆ ಹೊಳೆದದ್ದು ಹೇಗೆ?

ಬರೆಯುತ್ತಿದ್ದ ಇತಿಹಾಸದ ಮೇಷ್ಟ್ರಿಗೆ ಇದು ಬರೀ ಪುಸ್ತಕದ ಪ್ರಶ್ನೆಯಾಗಿರಲಿಲ್ಲ. ಇಪ್ಪತ್ತಾರನೆಯ ವಯಸ್ಸಿನಲ್ಲಿ, ಮನೆಯವರು ಒಪ್ಪದ ಹುಡುಗಿಗೆ 'ಕಾನೂನು ಒಪ್ಪಿದರೂ ರೂಢಿ ಮೀರಲಾರೆ' ಎಂದು ನಾಲ್ಕು ಪುಟದ ಕಾಗದ ಬರೆದು ಕೈತೊಳೆದುಕೊಂಡವರು ಅವರು. ಅದರಲ್ಲಿ ಮೂರು ಪುಟ ಮಹಾನುಭಾವರದ್ದೇ ಮಾತು. ಆಮೇಲೆ ಮದುವೆಯ ಗೋಜಿಗೇ ಹೋಗಲಿಲ್ಲ. ಇಷ್ಟೆಲ್ಲ ಕಳೆದುಕೊಂಡದ್ದಕ್ಕೆ, ಆ ವಿಚಾರ ಕನಿಷ್ಠ ಒಂದು ಗ್ರಂಥಾಲಯದಲ್ಲಾದರೂ ಹುಟ್ಟಿರಬೇಕು ಎಂದು ಅವರ ಆಸೆ.

ಹಾಗಾಗಿ ಮಹಾನುಭಾವರ ಹೆಂಡತಿಯ ಮುಂದೆ ಪೆನ್ನು ಬಿಚ್ಚಿ ಕೂತರು. ಆಕೆಗೆ ಎಂಬತ್ತೆರಡು, ನಾಲಿಗೆಗೆ ಇನ್ನೂ ಇಪ್ಪತ್ತು.

"ಅದಾ? ನಮ್ಮ ಬಚ್ಚಲುಮನೆ ಚಿಲಕ ಕಿತ್ತುಹೋಗಿತ್ತು," ಎಂದರು ಆಕೆ.

ಮೇಷ್ಟ್ರ ಪೆನ್ನು ಅಲ್ಲಾಡಲಿಲ್ಲ.

"ಬರ್ಕೊಳ್ಳಿ. ಹೊಸದು ಹಾಕ್ಸಿ ಅಂತ ಹೇಳಿ ಹೇಳಿ ನನ್ನ ಬಾಯಿ ಒಣಗ್ತು. ನಮ್ಮವರಿಗೆ ಮೊಳೆ ಹೊಡೆಯೋಕೂ ಬರಲ್ಲ, ಬಡಗಿ ಹತ್ರ ಹೋಗೋಕೂ ಸೋಮಾರಿತನ. ಅಷ್ಟರಲ್ಲಿ ಮಕ್ಕಳು ಒಳಗಿದ್ದಾಗ ಕೆಮ್ಮೋದು ಕಲಿತ್ರು. ಕೆಮ್ಮು ಕೇಳಿದ್ರೆ ಹೊರಗಿದ್ದೋರು ನಿಲ್ತಿದ್ರು. ಒಂದಿನ ನಮ್ಮವರು ಊಟಕ್ಕೆ ಕೂತೋರು, 'ನೋಡಿದ್ಯಾ, ಚಿಲಕ ಇಲ್ದೇನೇ ಮರ್ಯಾದೆ ಉಳೀತು' ಅಂದ್ರು. ಆರು ತಿಂಗಳಲ್ಲಿ ಪುಸ್ತಕ ಆಯ್ತು."

"ಆದ್ರೂ, ರೂಢಿ ಕೆಲಸ ಮಾಡ್ತಲ್ಲ?" ಮೇಷ್ಟ್ರ ದನಿ ಅಂಗಲಾಚುವಂತಿತ್ತು.

"ಎಲ್ಲಿ ಮಾಡ್ತು? ನಮ್ಮತ್ತೆಗೆ ಕಿವಿ ಕೇಳ್ತಿರ್ಲಿಲ್ಲ. ಸೀದಾ ಬಾಗಿಲು ತಳ್ಳೋರು. ಪುಸ್ತಕ ಪ್ರೆಸ್ಸಿಗೆ ಹೋದ ವಾರ ನಾನೇ ಒಂದು ಚಿಲಕ ತಂದು ಜಡಿದೆ. ಮೊದಲು ಹಾಕ್ಕೊಂಡು ಕೂತೋರು ಇವ್ರೇ."

ಮೇಷ್ಟ್ರಿಗೆ ನಗು ಬರಲಿಲ್ಲ. ಸಿಟ್ಟು ಬಂತು. ಸತ್ತವರನ್ನು ಬೈದು ಏನು ಪ್ರಯೋಜನ? ಹುಡುಗಿ, ಕಾಗದ, ಮೂವತ್ತೊಂದು ವರ್ಷ, ಎಲ್ಲವನ್ನೂ ಆಕೆಯ ಮುಂದೆ ಒಂದೇ ಉಸಿರಿಗೆ ಹೇಳಿಬಿಟ್ಟರು.

ಆಕೆ ಗಲ್ಲದ ಮೇಲೆ ಕೈಯಿಟ್ಟರು. "ಅಯ್ಯೋ, ನೀವು ಅದನ್ನ ನಂಬಿಬಿಟ್ರಾ? ಈ ಮನೇಲಿ ಯಾರೂ ನಂಬಿರ್ಲಿಲ್ಲವಲ್ಲಪ್ಪಾ! ಈಗೆಲ್ಲಿದ್ದಾಳೆ ಆಕೆ?"

"ಇದೇ ಊರು. ಹಲ್ಲಿನ ಡಾಕ್ಟರು."

"ಮತ್ತೆ ನಿಮ್ಮ ಹಲ್ಲು?"

"ಬಸ್ ಹತ್ತಿ ಪಕ್ಕದೂರಿಗೆ ಹೋಗಿ ಕೀಳಿಸ್ಕೊಂಡು ಬರ್ತೀನಿ."

ನಗಲು ಬಾಯಿ ತೆರೆದ ಆಕೆ, ಮೇಷ್ಟ್ರ ಮುಖ ನೋಡಿ ನಗು ನುಂಗಿಕೊಂಡರು. "ನನ್ನ ಚಿಲಕದ ಕತೆ ಬಿಡಿ, ನಿಮ್ಮದನ್ನ ಬರೀರಿ," ಎಂದರು. "ಇವ್ರು ಹೇಳಿದ್ದೇ ಹನ್ನೊಂದು ಅಧ್ಯಾಯ ಆಯ್ತು. ಕೇಳಿದೋರಿಗೆ ಏನಾಯ್ತು ಅಂತಾನೂ ಬೇಡ್ವಾ?"

ಮೇಷ್ಟ್ರು ಹೊಸ ಹಾಳೆ ತೆಗೆದು, ಮೇಲೆ 'ಅವರ ಪ್ರಭಾವ' ಎಂದು ತಲೆಬರಹ ಹಾಕಿ, ಕೆಳಗೆ ಆ ಹುಡುಗಿಯ ಹೆಸರು ಬರೆದರು.